ಓದುಗರ ಪ್ರಶ್ನೆ: ಕಂಪ್ಯೂಟರ್ ಶಿಕ್ಷಕಿಗೆ ಶಿಫಾರಸು ಪತ್ರ

ಪ್ರಶ್ನೆ: ನಾನು ಅನುದಾನಿತ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯ. ನಮ್ಮಲ್ಲಿ 9 ವರ್ಷ ಕಂಪ್ಯೂಟರ್ ಕಲಿಸಿದ ಶಿಕ್ಷಕಿಯೊಬ್ಬರು ಬೇರೊಂದು ಸಂಸ್ಥೆಯಲ್ಲಿ ಹೊಸದಾಗಿ ಸೃಷ್ಟಿಯಾದ ತಂತ್ರಜ್ಞಾನ ಸಂಯೋಜಕರ ಹುದ್ದೆಗೆ ಅರ್ಜಿ ಹಾಕಿದ್ದಾರೆ. ಅವರಿಗೆ ಕೊಡುವ ಶಿಫಾರಸು ಪತ್ರದಲ್ಲಿ ಏನೇನಿರಬೇಕು?

ಉತ್ತರ: ‘ಸನ್ನಡತೆಯುಳ್ಳವರು, ಪರಿಶ್ರಮಿಗಳು’ ಎಂಬ ಮಾತು ಎಲ್ಲರ ಪತ್ರದಲ್ಲೂ ಇರುವುದರಿಂದ ಅದು ಆಯ್ಕೆ ಸಮಿತಿಗೆ ಏನನ್ನೂ ತಿಳಿಸುವುದಿಲ್ಲ. ತಾವು ಕಣ್ಣಾರೆ ಕಂಡ ಒಂದೆರಡು ಸಂಗತಿಗಳನ್ನು ವಿವರವಾಗಿ ಬರೆಯಿರಿ. ಸಂಯೋಜಕರ ಕೆಲಸದಲ್ಲಿ ಮಕ್ಕಳಿಗೆ ಕಲಿಸುವುದಕ್ಕಿಂತ ಸಹೋದ್ಯೋಗಿಗಳಿಗೆ ಕಲಿಸುವುದೇ ಹೆಚ್ಚಿರುತ್ತದೆ; ಆದ್ದರಿಂದ ತ್ರಿಭುಜದ ಶೃಂಗವನ್ನು ಎಳೆದಾಡಿದರೂ ಕೋನಗಳ ಮೊತ್ತ 180 ಡಿಗ್ರಿಯಾಗಿಯೇ ಉಳಿಯುವುದನ್ನು ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತೋರಿಸಲು ಅವರು ಗಣಿತ ಶಿಕ್ಷಕರಿಗೆ ನೆರವಾಗಿದ್ದರೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಜಾಲತಾಣದ ಪಾಠಗಳನ್ನು ತೆರೆಯುವುದನ್ನು ಹಿರಿಯ ಶಿಕ್ಷಕರಿಗೆ ತಾಳ್ಮೆಯಿಂದ ಹೇಳಿಕೊಟ್ಟಿದ್ದರೆ, ‘ನುಡಿ’ ಎಂಬ ಹಳೆಯ ಕನ್ನಡ ಫಾಂಟಿನ ಪ್ರಶ್ನೆಪತ್ರಿಕೆಗಳನ್ನು ಎಲ್ಲ ಯಂತ್ರಗಳಲ್ಲೂ ಓದಬಹುದಾದ ಯೂನಿಕೋಡಿಗೆ ಬದಲಾಯಿಸಿಕೊಟ್ಟಿದ್ದರೆ, ಅದನ್ನೇ ಮುಂದಿಡಿ. ಪ್ರಿಂಟರ್ ಸರಿಪಡಿಸುವುದಷ್ಟೇ ಇಂಥವರ ಕೆಲಸವೆಂದು ಭಾವಿಸುವವರು ಇಂದಿಗೂ ಬಹಳ, ಇದು ನನಗೆ ನಿಜವಾಗಿ ನೋವು ತರುವ ಸಂಗತಿ; ಹಾಗಾಗಿ ದುರಸ್ತಿಯ ವಿಷಯವನ್ನು ಒಂದೇ ವಾಕ್ಯಕ್ಕೆ ಸೀಮಿತಗೊಳಿಸಿ, ಬೋಧನೆಗೆ ಇಡೀ ಪರಿಚ್ಛೇದವನ್ನು ಮೀಸಲಿಡಿ.

ಕರೆಂಟು ಹೋದಾಗ ಪಾಠ ನಿಲ್ಲದಂತೆ ಅವರು ಏನು ಮಾಡುತ್ತಿದ್ದರು, ಐದು ಯಂತ್ರಗಳಲ್ಲಿ ನಲವತ್ತು ಮಕ್ಕಳಿಗೆ ಹೇಗೆ ಅವಕಾಶ ಹಂಚುತ್ತಿದ್ದರು ಎಂಬಂಥ ವಿವರ ತಮಗೆ ಗೊತ್ತಿದ್ದರೆ ಬಿಡಬೇಡಿ. ಕಾಣದ್ದನ್ನು ಮಾತ್ರ ಬರೆಯಬೇಡಿ. ಸಂದರ್ಶನದಲ್ಲಿ ಉತ್ತರಿಸಬೇಕಾದವರು ಅವರೇ. ಶಾಲೆಯ ಅಧಿಕೃತ ಕಾಗದದಲ್ಲಿ, ದಿನಾಂಕ, ಸಹಿ, ಮೊಹರಿನೊಂದಿಗೆ ಒಂದು ಪುಟ ಸಾಕು.