ಇದು ಚೆಕಪ್ಪೋ, ಭಜನಾ ಮಂಡಳಿಯೋ?

ಓದುಗರ ಪತ್ರ: ನನಗೀಗ ನಾಲ್ಕು ತಿಂಗಳು ತುಂಬಿದೆ, ಚೊಚ್ಚಲು. ನಾವು ತೋರಿಸುವ ಆಸ್ಪತ್ರೆಯಲ್ಲಿ ಮುಂದಿನ ತಿಂಗಳಿಂದ ಹತ್ತು ಜನ ಬಸುರಿಯರನ್ನು ಒಟ್ಟಿಗೆ ಕೂರಿಸಿ ಚೆಕಪ್ ಮಾಡುತ್ತಾರಂತೆ. ಎರಡು ಗಂಟೆ ಹಿಡಿಯುತ್ತದಂತೆ. ‘ಇದು ಚೆಕಪ್ಪೋ, ಭಜನಾ ಮಂಡಳಿಯೋ’ ಅಂತ ಅತ್ತೆ ನಗುತ್ತಾರೆ. ಡಾಕ್ಟರ ಸಮಯ ಉಳಿಸೋಕೆ ಮಾಡಿದ ಉಪಾಯ ಅಂತ ಯಜಮಾನರ ಅನುಮಾನ. ನನಗಂತೂ ನಾಲ್ಕು ಜನರ ಮುಂದೆ ಬಾಯಿ ಬಿಡೋಕೆ ನಾಚಿಕೆ. ಇದರಿಂದ ನನಗೆ, ಮಗುವಿಗೆ ನಿಜವಾಗಿ ಉಪಯೋಗ ಇದೆಯಾ? ದಯವಿಟ್ಟು ಹೆಸರು ಹಾಕಬೇಡಿ.
– ಓದುಗರು, ಮಾಗಡಿ ರಸ್ತೆ, ಬೆಂಗಳೂರು

ಸಂಪಾದಕರ ಉತ್ತರ:

ತಂಗಿ, ನಿಮ್ಮ ಅತ್ತೆಯವರ ಮಾತನ್ನೇ ತಲೆಬರಹ ಮಾಡಿಕೊಂಡಿದ್ದೇನೆ. ಅದಕ್ಕಿಂತ ಒಳ್ಳೆಯದು ನನಗೆ ಹೊಳೆಯಲಿಲ್ಲ. ಅವರಿಗೆ ತಿಳಿಸಿಬಿಡಿ.

ಮೊದಲು ನನ್ನ ಕಥೆ. ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ ಬೆಳಗ್ಗೆ ಏಳಕ್ಕೆ ಹೋಗಿ ಟೋಕನ್ ತಗೊಳ್ಳುತ್ತಿದ್ದೆ. ಒಳಗೆ ಕರೆಯುವಾಗ ಹನ್ನೊಂದೂವರೆ. ಬಿಪಿ, ತೂಕ, ಹೊಟ್ಟೆ ಮೇಲೆ ಕೈ, ‘ಎಲ್ಲ ಸರಿ ಇದೆ, ಮಾತ್ರೆ ಮುಂದುವರಿಸಿ’. ಅಲ್ಲಿಗೆ ಮುಗಿಯಿತು. ಕೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಹೋದ ಆರು ಪ್ರಶ್ನೆಗಳಲ್ಲಿ ಒಂದನ್ನೂ ಕೇಳುತ್ತಿರಲಿಲ್ಲ. ಹಿಂದೆ ಇನ್ನೂ ನಲವತ್ತು ಜನ ಕಾಯುತ್ತಿದ್ದರಲ್ಲ, ಬಾಯಿ ಬರುತ್ತಿರಲಿಲ್ಲ. ಆದರೆ ಆಚೆ ಬೆಂಚಿನಲ್ಲಿ ಪಕ್ಕದಲ್ಲಿ ಕೂತವರ ಹತ್ತಿರ ಆ ಆರನ್ನೂ ಕೇಳಿರುತ್ತಿದ್ದೆ. ಅವರು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಗುಂಪು ಚೆಕಪ್ ಅಂದರೆ ಆ ಬೆಂಚನ್ನೇ ಒಳಗೆ ತಂದು ಹಾಕಿದ ಹಾಗೆ. ನಡುವೆ ಒಬ್ಬ ನರ್ಸೋ ಡಾಕ್ಟರೋ ಕೂತಿರುತ್ತಾರೆ, ತಪ್ಪನ್ನು ತಿದ್ದುವುದಕ್ಕೆ.

ಇದನ್ನು ಒಂದು ಪದ್ಧತಿ ಅಂತ ರೂಪಿಸಿದವರು ಅಮೆರಿಕದ ನರ್ಸ್-ಮಿಡ್‌ವೈಫ್ ಶರೊನ್ ಶಿಂಡ್ಲರ್ ರೈಸಿಂಗ್, 1990ರ ದಶಕದಲ್ಲಿ. ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಹೆರಿಗೆ ಆಗಬೇಕಾದ 8ರಿಂದ 12 ಹೆಂಗಸರು, ಒಟ್ಟು ಹತ್ತು ಸಲ, ಪ್ರತಿ ಸಲ ಒಂದೂವರೆಯಿಂದ ಎರಡು ಗಂಟೆ. ತೂಕ, ಬಿಪಿ ಅವರೇ ನೋಡಿಕೊಂಡು ಬರೆದುಕೊಳ್ಳಬೇಕು. ಹೊಟ್ಟೆ ನೋಡುವುದು, ಮಗುವಿನ ಎದೆಬಡಿತ ಕೇಳುವುದು ಒಂದು ಮೂಲೆಯಲ್ಲಿ, ಒಬ್ಬೊಬ್ಬರಿಗೇ. ಆಮೇಲೆ ಎಲ್ಲರೂ ಸುತ್ತ ಕೂತು ಮಾತು.

ನಮ್ಮ ಊರಿನಲ್ಲೇ ಇಂಥ ಒಂದು ಕೂಟಕ್ಕೆ ಹಿಂದಿನ ವರ್ಷ ಹೋಗಿ ಕೂತಿದ್ದೆ. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯೊಬ್ಬಳು ತೋಳಿಗೆ ಬಿಪಿ ಪಟ್ಟಿ ಸುತ್ತಿಕೊಳ್ಳುವಾಗ ಬಳೆಗಳನ್ನೆಲ್ಲ ಒಂದೊಂದಾಗಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಬಳೆ ಇದ್ದರೆ ಲೆಕ್ಕ ತಪ್ಪುತ್ತೆ ಅಂದುಕೊಂಡಿದ್ದಳು ಪಾಪ. ಯಾರೂ ನಗಲಿಲ್ಲ. ಅವಳ ನಂತರ ಬಂದವಳೂ ಬಳೆ ತೆಗೆಯೋಕೆ ಶುರು ಮಾಡಿದಾಗ ಮಾತ್ರ ನರ್ಸಮ್ಮ ನಕ್ಕು, ‘ಬಳೆ ಇರಲಿ ಬಿಡಿ. ಮೇಲಿನದು 140, ಇಲ್ಲಾ ಕೆಳಗಿನದು 90 ಬಂದರೆ ತಕ್ಷಣ ನನ್ನನ್ನು ಕೂಗಿ’ ಅಂದರು. ಆ ಎರಡು ಸಂಖ್ಯೆ ಆ ಕೋಣೆಯಲ್ಲಿದ್ದ ಯಾರೂ ಇನ್ನು ಮರೆಯಲಿಕ್ಕಿಲ್ಲ. ನನ್ನ ಎರಡು ಬಸಿರಿನಲ್ಲೂ ನನ್ನ ಬಿಪಿ ಎಷ್ಟಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಕಬ್ಬಿಣದ ಮಾತ್ರೆಯ ವಿಷಯ ಬಂತು. ‘ಎಲ್ಲರೂ ತಗೋತಿದ್ದೀರಾ?’ ಅಂದಾಗ ಎಲ್ಲ ತಲೆಗಳೂ ಆಡಿದವು. ಸ್ವಲ್ಪ ಹೊತ್ತಿಗೆ ಕೊನೆಯಲ್ಲಿ ಕೂತವಳು, ‘ಮೇಡಂ, ಮಲ ಕಪ್ಪಗೆ ಹೋಗ್ತಿತ್ತು, ಹೆದರಿ ಬಿಟ್ಟುಬಿಟ್ಟೆ. ಮಾತ್ರೆ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೀನಿ’ ಅಂದಳು. ಅಷ್ಟೇ, ಇನ್ನೂ ಮೂವರು ‘ನಾನೂ’ ಅಂದರು. ಕಪ್ಪಗಾಗುವುದು ಮಾತ್ರೆಯಿಂದಲೇ, ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಮಾತ್ರೆ ನುಂಗಿದ ಕೈಯಲ್ಲೇ ಕಾಫಿ, ಟೀ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಿಂಬೆ ಪಾನಕದ ಜೊತೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತಗೊಳ್ಳಬೇಕು. ಇಷ್ಟು ಹೇಳೋಕೆ ಹತ್ತು ನಿಮಿಷ ಹಿಡಿಯಿತು. ಟೋಕನ್ ಸಾಲಿನಲ್ಲಿ ಹತ್ತು ನಿಮಿಷ ಎಲ್ಲಿಂದ ತರ್ತೀರಿ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45ಕ್ಕಿಂತ ಜಾಸ್ತಿ ಜನರಿಗೆ ರಕ್ತ ಕಡಿಮೆ. ಮಾತ್ರೆ ಪುಕ್ಕಟೆ ಕೊಟ್ಟರೂ ಹೀಗೇಕೆ ಅನ್ನುವುದಕ್ಕೆ ಆ ಅಕ್ಕಿ ಡಬ್ಬ ಸ್ವಲ್ಪ ಉತ್ತರ ಹೇಳುತ್ತದೆ, ಅಲ್ವಾ?

ಇನ್ನು ನಿಮ್ಮ ನೇರ ಪ್ರಶ್ನೆ, ಮಗುವಿಗೆ ಉಪಯೋಗ ಇದೆಯಾ ಅಂತ. ಇಲ್ಲಿ ಉತ್ಪ್ರೇಕ್ಷೆ ಮಾಡೋಕೆ ನನಗೆ ಇಷ್ಟ ಇಲ್ಲ. 2007ರಲ್ಲಿ ಅಮೆರಿಕದ ಎರಡು ಆಸ್ಪತ್ರೆಗಳ ಅಧ್ಯಯನ ಪ್ರಕಟವಾಯಿತು. 14ರಿಂದ 25 ವಯಸ್ಸಿನ 1,047 ಹೆಂಗಸರು. 37 ವಾರ ತುಂಬುವ ಮೊದಲೇ ಹೆರಿಗೆಯಾದವರು ಒಬ್ಬೊಬ್ಬರಾಗಿ ತೋರಿಸಿಕೊಂಡವರಲ್ಲಿ ನೂರಕ್ಕೆ 13.8, ಗುಂಪಿನಲ್ಲಿ 9.8. ಎದೆಹಾಲು ಕುಡಿಸೋಕೆ ಶುರು ಮಾಡಿದವರೂ ಗುಂಪಿನಲ್ಲೇ ಜಾಸ್ತಿ. ಎಲ್ಲರೂ ಕುಣಿದಾಡಿದರು. ಆದರೆ 2022ರಲ್ಲಿ ದಕ್ಷಿಣ ಕೆರೊಲಿನಾದಿಂದ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಅವಧಿಗೆ ಮುಂಚಿನ ಹೆರಿಗೆ ಗುಂಪಿನಿಂದ ಕಡಿಮೆ ಆಗಲಿಲ್ಲ. ಹಾಗಾಗಿ ‘ಗುಂಪಿಗೆ ಹೋದರೆ ದಿನ ತುಂಬಿಯೇ ಹೆರಿಗೆ ಆಗುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಸುರಿಯರಿಗೆ ಇದು ಹೆಚ್ಚು ತೃಪ್ತಿ ಕೊಟ್ಟಿದೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆಯೂ ಹುಷಾರಾಗಿಯೇ ಇದೆ: ಬಸುರಿಗೆ ಇಷ್ಟವಿದ್ದರೆ, ಸೌಕರ್ಯ ಇದ್ದರೆ, ಅಧ್ಯಯನದ ಚೌಕಟ್ಟಿನಲ್ಲಿ ಮಾಡಬಹುದು ಅಂತ.

ನನಗೆ ಜಾಸ್ತಿ ನಂಬಿಕೆ ಬಂದದ್ದು ನಮ್ಮ ದೇಶದ್ದೇ ಒಂದು ಕೆಲಸದಿಂದ. ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ ಏಕ್‌ಜುಟ್ ಎಂಬ ಸಂಸ್ಥೆ ಹೆಂಗಸರ ಗುಂಪುಗಳನ್ನು ತಿಂಗಳಿಗೊಮ್ಮೆ ಕೂರಿಸಿ ಹೆರಿಗೆ, ಎಳೆ ಮಗುವಿನ ಕಷ್ಟಗಳನ್ನು ಚರ್ಚಿಸಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಹುಟ್ಟಿದ ತಿಂಗಳೊಳಗೆ ಸಾಯುವ ಮಕ್ಕಳ ಪ್ರಮಾಣ ಬೇರೆ ಹಳ್ಳಿಗಳಿಗಿಂತ ನೂರಕ್ಕೆ 32ರಷ್ಟು ಕಡಿಮೆ ಇತ್ತು. ಅಲ್ಲಿ ಚೆಕಪ್ ಇರಲಿಲ್ಲ, ಬರೀ ಮಾತು ಮತ್ತು ಒಟ್ಟಿಗೆ ಸೇರಿ ಮಾಡಿದ ಯೋಚನೆ. ಆಸ್ಪತ್ರೆಗಳು ಇಷ್ಟೊಂದಿರುವ ಬೆಂಗಳೂರಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ. ಆದರೂ ಭಜನಾ ಮಂಡಳಿಯಿಂದ ಜೀವ ಉಳಿದದ್ದು ಉಂಟು ಅಂತ ಅತ್ತೆಯವರಿಗೆ ಹೇಳಬಹುದು.

ಯಜಮಾನರ ಅನುಮಾನ ಸುಮ್ನೆ ಅಲ್ಲ, ಕೇಳಬೇಕಾದದ್ದೇ. ಹತ್ತು ಜನರನ್ನು ಕೂರಿಸಿ ಭಾಷಣ ಮಾಡಿ ಕಳಿಸಿದರೆ ಅದು ಗುಂಪು ಚೆಕಪ್ ಅಲ್ಲ. ಹೋಗಿ ಎರಡು ವಿಷಯ ವಿಚಾರಿಸಿ. ಹೊಟ್ಟೆಯನ್ನು ಪರದೆ ಹಿಂದೆ ಒಬ್ಬೊಬ್ಬರಿಗೇ ನೋಡುತ್ತಾರಾ? ರಕ್ತದ ರಿಪೋರ್ಟು, ಮನೆಯ ಗುಟ್ಟು ಏನಿದ್ದರೂ ಒಬ್ಬರೇ ಹೇಳಿಕೊಳ್ಳೋಕೆ ಸಮಯ ಕೊಡುತ್ತಾರಾ? ಎರಡಕ್ಕೂ ಹೌದು ಅಂದರೆ ಧೈರ್ಯವಾಗಿ ಹೋಗಿ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಹೇಗೂ ಬೇರೆಯಾಗಿಯೇ ನಡೆಯುತ್ತವೆ. ಬಿಪಿ, ಶುಗರ್, ಅವಳಿ ಮಕ್ಕಳು ಅಂತೇನಾದರೂ ಇದ್ದರೆ ಗುಂಪಿನ ಜೊತೆಗೆ ಡಾಕ್ಟರನ್ನು ಪ್ರತ್ಯೇಕವಾಗಿ ಕಾಣಲೇಬೇಕು. ರಕ್ತ ಹೋದರೆ, ನೀರು ಒಡೆದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಗುಂಪಿನ ದಿನಕ್ಕೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ನಾಚಿಕೆಯ ಬಗ್ಗೆ ಏನು ಹೇಳಲಿ? ಮೊದಲ ದಿನ ಮಾತಾಡಬೇಡಿ, ಕೇಳಿಸಿಕೊಳ್ಳಿ. ಅಕ್ಕಿ ಡಬ್ಬದ ಹುಡುಗಿಯೂ ಮೂರನೇ ಸಲಕ್ಕೆ ಬಾಯಿ ಬಿಟ್ಟದ್ದಂತೆ.

ಒಂದು ತೊಡಕನ್ನು ಮಾತ್ರ ಅಮೆರಿಕದವರು ಯೋಚಿಸಿರಲಿಕ್ಕಿಲ್ಲ. ನಿಮ್ಮದು ಚೊಚ್ಚಲು, ಸೀಮಂತ ಮುಗಿಸಿಕೊಂಡು ತವರಿಗೆ ಹೊರಡುತ್ತೀರಿ. ನಾನು ನೋಡಿದ ಗುಂಪು ಎಂಟನೇ ತಿಂಗಳಿಗೆ ಅರ್ಧ ಖಾಲಿ. ಒಬ್ಬಳು ತುಮಕೂರು, ಒಬ್ಬಳು ಚನ್ನಪಟ್ಟಣ, ಇನ್ನೊಬ್ಬಳು ಹಾಸನ. ಆದ್ದರಿಂದ ಪ್ರತಿ ಸಲದ ಬಿಪಿ, ತೂಕ, ಹಿಮೋಗ್ಲೋಬಿನ್ ಎಲ್ಲ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ, ತವರಿನ ಆಸ್ಪತ್ರೆಗೆ ಅದೇ ಆಧಾರ. ಗುಂಪಿನವರ ಫೋನ್ ನಂಬರೂ ಇರಲಿ. ಬಾಣಂತನದಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರ ಇರುವವರು ಅವರೇ.

ಎದೆಹಾಲಿನ ಬಗ್ಗೆ ಮಾತಾಡುವ ದಿನ ಮನೆಯವರನ್ನೂ ಬಿಡುತ್ತಾರಾ ಅಂತ ಕೇಳಿ, ಬಿಟ್ಟರೆ ನಿಮ್ಮ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಸಾಧ್ಯವಾದರೆ ಅಮ್ಮನನ್ನೂ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಕು, ಮಗುವಿನ ನಾಲಿಗೆಗೆ ಜೇನು ಮುಟ್ಟಿಸಬೇಕು ಅಂತ ಹೇಳುವವರು ಈಗಲೂ ಇದ್ದಾರೆ. ಹುಟ್ಟಿದ ಒಂದು ಗಂಟೆಯೊಳಗೆ ಆ ಹಳದಿ ಹಾಲೇ ಕುಡಿಸಬೇಕು, ವರ್ಷ ತುಂಬುವವರೆಗೆ ಜೇನು ಕೂಡದು. ಇದನ್ನು ನೀವು ಹೇಳಿದರೆ ‘ನೆನ್ನೆ ಮೊನ್ನೆ ಬಂದವಳು’ ಅನ್ನಿಸಿಕೊಳ್ಳುತ್ತೀರಿ. ನರ್ಸಮ್ಮನೇ ಹೇಳಲಿ.