ತೇಪೆ ಹಿಡಿಯುವ ತನಕ ಕಿವಿಗೆ ನೀರೂ ಬೇಡ, ಎಣ್ಣೆಯೂ ಬೇಡ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕೋಲಾರದ ಹತ್ತಿರ ಒಂದು ಹಳ್ಳಿ. ನಮ್ಮ ಯಜಮಾನರಿಗೆ 38 ವರ್ಷ. ಚಿಕ್ಕಂದಿನಿಂದ ಎಡಗಿವಿ ಸೋರುತ್ತಿತ್ತು. ತಮಟೆಯಲ್ಲಿ ತೂತಾಗಿದೆ ಅಂತ ಕಿವಿ ಹಿಂದೆ ಕೊಯ್ದು ಆಪರೇಷನ್ ಮಾಡಿ 11 ದಿನ ಆಯಿತು. ಹೊಲಿಗೆ ಬಿಚ್ಚಿದ್ದಾರೆ. ಆದರೆ ಕಿವಿ ಮೊದಲಿಗಿಂತ ಮಂದ. ಒಳಗೆ ಟಪ್ ಟಪ್ ಅನ್ನುತ್ತದಂತೆ. ನಾಲಿಗೆಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ರುಚಿ. ಆಪರೇಷನ್ ಕೆಟ್ಟಿತಾ? ನಮ್ಮತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ತೊಟ್ಟು ಬಿಡೋಣ ಅಂತಾರೆ. ಇನ್ನು 15 ದಿನಕ್ಕೆ ಯುಗಾದಿ, ತಲೆಗೆ ಎಣ್ಣೆನೀರು ಹಾಕಲೇಬೇಕು ಅಂತಾನೂ ಹಠ. ಇವರಂತೂ ಟೊಮೆಟೊ ಮಂಡಿಗೆ ಹೋಗುತ್ತೇನೆ ಅಂತ ದಿನಾ ಜಗಳ. ಏನು ಮಾಡಲಿ?

ಉತ್ತರ: ಸ್ವಲ್ಪ ಸಮಾಧಾನ ಮಾಡಿಕೊಳ್ಳಿ ತಾಯಿ. ನೀವು ಹೇಳಿದ ಮೂರೂ ತೊಂದರೆ ಈ ಆಪರೇಷನ್ ಆದವರಲ್ಲಿ ಸಾಮಾನ್ಯ. ನನಗೆ ಭಯ ಆಗಿದ್ದು ಬೆಳ್ಳುಳ್ಳಿ ಎಣ್ಣೆಯ ಮಾತು ಓದಿ.

ಕಿವಿ ಯಾಕೆ ಮಂದ ಅಂದರೆ, ತಮಟೆಯ ತೂತಿಗೆ ಸಾಮಾನ್ಯವಾಗಿ ಕಿವಿಯ ಮೇಲ್ಗಡೆಯ ಸ್ನಾಯುವಿನ ಮೇಲಿರುವ ತೆಳ್ಳನೆ ಪೊರೆ ತೆಗೆದು ತೇಪೆ ಹಾಕುತ್ತಾರೆ. ಆ ತೇಪೆ ಜಾರದ ಹಾಗೆ ಒಳಗೂ ಹೊರಗೂ ಸ್ಪಂಜಿನಂಥ ಪದಾರ್ಥ ತುಂಬಿರುತ್ತಾರೆ, ಜೆಲ್‌ಫೋಮ್ ಅಂತಾರೆ ಅದನ್ನು. ಕಿವಿಯೇ ತುಂಬಿರುವಾಗ ಹೇಗೆ ಕೇಳಿಸಬೇಕು ಹೇಳಿ? ಅದು ತಾನಾಗೇ ಕರಗಲು ಕೆಲವು ವಾರ ಬೇಕು. ಕರಗುವಾಗ, ಒಳಗೆ ಗಾಳಿ ಆಡಲು ಶುರುವಾದಾಗ, ಟಪ್ ಟಪ್ ಸದ್ದು ಬರುತ್ತದೆ. ಎಷ್ಟು ಕೇಳಿಸುತ್ತದೆ ಅನ್ನುವ ಲೆಕ್ಕ ಈಗಲೇ ಬೇಡ. ಎರಡು ಮೂರು ತಿಂಗಳಾದ ಮೇಲೆ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆ, ಮಾಡಿದರೆ ನಿಜ ಗೊತ್ತಾಗುತ್ತದೆ. ಅಲ್ಲಿಯವರೆಗೆ ಅವರ ಬಲಗಡೆ ಕೂತು ಮಾತಾಡಿ.

ನಾಲಿಗೆಯ ರುಚಿಯ ನರ ತಮಟೆಯ ಹಿಂದೆಯೇ ಹಾದು ಹೋಗುತ್ತದೆ. ಆಪರೇಷನ್‌ನಲ್ಲಿ ಅದು ಸ್ವಲ್ಪ ಎಳೆದಾಡಿದ ಹಾಗಾಗಿರುತ್ತದೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಕಿವಿಯ ಮೇಲ್ಭಾಗ ಮುಟ್ಟಿದರೆ ಜೋಮು ಹಿಡಿದ ಹಾಗೆ ಇದ್ದರೂ ಹಾಗೇ.

ಈಗ ಎಣ್ಣೆ. ದಯವಿಟ್ಟು ಬೇಡ. ಬೆಳ್ಳುಳ್ಳಿ ಕಿವಿಯೊಳಗಿನ ಎಳೆ ಚರ್ಮವನ್ನು ಸುಡಬಹುದು, ಎಣ್ಣೆಯ ಪಸೆ ಇದ್ದಲ್ಲಿ ಬೂಷ್ಟು ಬೆಳೆಯಬಹುದು. ಒಂದು ಸಲ ಸೋಂಕು ಹಿಡಿದರೆ ತೇಪೆ ಕಿತ್ತು ಬರಬಹುದು, ಆಗ ಮತ್ತೆ ಆಪರೇಷನ್. ಮೂರನೇ ವಾರದಲ್ಲಿ ಕಡಿತ ಅಂತ ಹೇರ್‌ಪಿನ್ ಹಾಕಿಕೊಂಡು ಬಂದವರನ್ನು ನೋಡಿದ್ದೇನೆ, ಅವರ ಮುಖ ಇನ್ನೂ ಮರೆತಿಲ್ಲ. ಡಾಕ್ಟರ್ ಬರೆದುಕೊಟ್ಟ ಡ್ರಾಪ್ಸ್ ಬಿಟ್ಟರೆ ಇನ್ನೇನೂ ಒಳಗೆ ಹೋಗಬಾರದು. ಹೊರಗಿನ ಹತ್ತಿ ಒದ್ದೆಯಾದರೆ ಕೈ ತೊಳೆದುಕೊಂಡು ಬದಲಾಯಿಸಿ, ಅಷ್ಟೇ.

ಯುಗಾದಿಯ ಎಣ್ಣೆನೀರು ಈ ವರ್ಷ ಅವರಿಗೆ ಬೇಡ ಅಂತ ಅತ್ತೆಗೆ ನನ್ನ ಹೆಸರಲ್ಲೇ ಹೇಳಿ. ಕತ್ತಿನ ಕೆಳಗೆ ದಿನಾ ಸ್ನಾನ ಮಾಡಲಿ, ಹೊಸ ಬಟ್ಟೆ ಹಾಕಲಿ, ಬೇವು ಬೆಲ್ಲ ತಿನ್ನಲಿ, ಒಬ್ಬಟ್ಟೂ ತಿನ್ನಲಿ. ತಲೆ ತೊಳೆಯಲೇಬೇಕು ಅನ್ನಿಸಿದರೆ ಆಪರೇಷನ್ ಮಾಡಿದವರನ್ನು ಕೇಳಿ. ಅವರು ಹ್ಞೂಂ ಅಂದರೆ, ಹತ್ತಿಗೆ ಚೆನ್ನಾಗಿ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಟ್ಟು, ತಲೆ ಹಿಂದಕ್ಕೆ ಬಗ್ಗಿಸಿ ನೀವೇ ನೀರು ಹಾಕಿ.

ಇನ್ನೊಂದು ವಿಷಯ ತುಂಬಾ ಮುಖ್ಯ. ಮೂಗಿಗೂ ಕಿವಿಗೂ ಒಳಗೆ ಒಂದು ನಳಿಕೆ ಇದೆ. ಜೋರಾಗಿ ಮೂಗು ಸೀಟಿದರೆ ಆ ಗಾಳಿ ನೇರ ತೇಪೆಯನ್ನು ಒಳಗಿನಿಂದ ತಳ್ಳುತ್ತದೆ. ಸೀನು ಬಂದರೆ ತಡೆಯಬಾರದು, ಬಾಯಿ ತೆರೆದು ಸೀನಲಿ. ನೀವು ಒಗ್ಗರಣೆಗೆ ಮೆಣಸಿನಕಾಯಿ ಹಾಕುವಾಗ ಅವರು ಹೊರಗೆ ಜಗಲಿಯಲ್ಲಿ ಕೂತಿರಲಿ. ನಸ್ಯ, ಬೀಡಿ ಅಭ್ಯಾಸ ಇದ್ದರೆ ಬಿಡಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ.

ಮಂಡಿಗೆ ಹೋಗಿ ರೇಟು ನೋಡಿಕೊಂಡು ಬರುವುದು ಬೇರೆ, ಬಾಕ್ಸ್ ಎತ್ತುವುದು ಬೇರೆ. ಒಂದು ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ ಅಲ್ವಾ? ಉಸಿರು ಬಿಗಿಹಿಡಿದು ಎತ್ತುವಾಗ ಕಿವಿಯೊಳಗೂ ಒತ್ತಡ ಬೀಳುತ್ತದೆ. ನಾಲ್ಕರಿಂದ ಆರು ವಾರ ಅದು ಆಗದ ಮಾತು. ಬೆಳೆ ಕೈಗೆ ಬಂದಿರುವಾಗ ಮನೆಯಲ್ಲಿ ಕೂರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಈ ಒಂದು ಕೊಯ್ಲಿಗೆ ಯಾರನ್ನಾದರೂ ಕೂಲಿಗೆ ಕರೆಯಿರಿ. ತಲೆ ಸುತ್ತು ಇದ್ದರೆ ಬೈಕ್ ಬೇಡ, ಹೆಲ್ಮೆಟ್ ಗಾಯಕ್ಕೂ ಒತ್ತುತ್ತದೆ.

ಬಾಯಿ ಒಂದು ಕಡೆ ಸೊಟ್ಟಗಾದರೆ ಅಥವಾ ಒಂದು ಕಣ್ಣು ಮುಚ್ಚಲು ಬಾರದಿದ್ದರೆ, ವಾಂತಿಯ ಜೊತೆ ಕೋಣೆಯೇ ತಿರುಗಿದ ಹಾಗಾದರೆ, ಜ್ವರ ಬಂದರೆ, ತಡೆಯಲಾಗದ ತಲೆನೋವು ಬಂದರೆ, ನಾತದ ಕೀವು ಬಂದರೆ, ಕಿವಿ ಹಿಂದೆ ಊದಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಿಸ್ಚಾರ್ಜ್ ಚೀಟಿ ಜೊತೆಗೇ ಇರಲಿ.