ಮಾರ್ವಾ ಆರಿಸಿಕೊಳ್ಳಿ

ನಿಮ್ಮ ಕಾದಂಬರಿಯ ಕಲಬುರಗಿ ಗಾಯಕಿ ವಿಯೆನ್ನಾಕ್ಕೆ ಹೋದಮೇಲೆ, ಕೊಲೆ-ರಕ್ತ ಇಲ್ಲದೆ ಅವಳ ಮನಸ್ಸು ಕದಡುವುದನ್ನು ಯಾವ ರಾಗದಿಂದ ತೋರಿಸಲಿ ಅಂತ ಕೇಳಿದ್ದೀರಿ. ಹಿಂದೂಸ್ತಾನಿ ರಾಗ ಮಾರ್ವಾ, ಬೇರೆ ಯೋಚನೆಯೇ ಬೇಡ. ಅದರಲ್ಲಿ ಪಂಚಮ (ಪ ಸ್ವರ) ಇಲ್ಲ. ಎಲ್ಲ ಸ್ವರಗಳ ಮನೆಯಾದ ಷಡ್ಜದ (ಸ) ಮೇಲೂ ಗಾಯಕರು ಬಹಳ ಹೊತ್ತು ನಿಲ್ಲುವುದಿಲ್ಲ. ಕೋಮಲ ರಿಷಭ (ರಿ), ಶುದ್ಧ ಧೈವತಗಳ (ಧ) ಸುತ್ತಲೇ ಸುಳಿಯುತ್ತ ಆ ಮನೆಗೆ ಮರಳುವುದನ್ನು ಮುಂದೂಡುತ್ತಾರೆ. ಕೇಳುಗನಿಗೆ ಕಾರಣ ತಿಳಿಯದೆಯೇ ಕಳವಳ ಹುಟ್ಟುತ್ತದೆ. ತಂಬೂರಿಯ ಪಂಚಮದ ತಂತಿಯನ್ನೂ ಧೈವತಕ್ಕೋ ನಿಷಾದಕ್ಕೋ (ನಿ) ಶ್ರುತಿ ಮಾಡಿಕೊಳ್ಳುತ್ತಾರೆ. ಬೀಗ ಹಾಕಿದ ಕೋಣೆಯಲ್ಲಿ ಆ ತಂತಿಯನ್ನು ಯಾರೋ ಮತ್ತೆ ಪಂಚಮಕ್ಕೆ ತಿರುಗಿಸಿಟ್ಟಿದ್ದಾರೆ ಎಂಬುದು ಅವಳಿಗೊಬ್ಬಳಿಗೇ ಗೊತ್ತಾಗಲಿ. ಹೇಳಿದರೆ ನಂಬುವವರು ಯಾರು ಅಲ್ಲಿ?

ಇನ್ನೊಂದು, ಇದು ಹೊತ್ತು ಮುಳುಗುವಾಗಿನ ರಾಗ. ಜೂನ್‌ನಲ್ಲಿ ನಮ್ಮಲ್ಲಿ ಏಳರ ಸುಮಾರಿಗೆ ಮುಳುಗುವ ಸೂರ್ಯ ವಿಯೆನ್ನಾದಲ್ಲಿ ಮುಳುಗುವುದು ರಾತ್ರಿ ಸುಮಾರು 9 ಗಂಟೆಗೆ. ಆಗ ಇಲ್ಲಿ 12:30. ಶರಣಬಸವೇಶ್ವರ ಗುಡಿ ಓಣಿಯಲ್ಲಿ ಬೆಳೆದವಳ ದೇಹ ನಡುರಾತ್ರಿ ಅನ್ನುತ್ತದೆ, ಕಿಟಕಿ ಸಂಜೆ ಅನ್ನುತ್ತದೆ. ಇದಕ್ಕೆ ಇಡೀ ಒಂದು ಅಧ್ಯಾಯ ಕೊಡಿ. ಅಲ್ಲಿನ 1870ರ ಸಂಗೀತ ಸಭಾಂಗಣ ಮ್ಯೂಸಿಕ್‌ಫೆರೈನ್ ಭವನದ ವರ್ಣನೆಗೆ ಎರಡು ಸಾಲು ಸಾಕು.

ಬರೆದ ಮ್ಯಾಲ ಆ ಅಧ್ಯಾಯ ಇಲ್ಲೇ ಹಾಕ್ರಿ, ನಾ ಖಂಡಿತ ಓದ್ತೀನಿ.